ಸನ್‌ಬೋರ್ಡ್ ಬಸ್ಸಿಗೆ ಗಂಡಭೇರುಂಡದ ಲೋಗೊ ಅಂಟಿಸಬಹುದಾ?

ಸನ್‌ಬೋರ್ಡ್‌ಬಸ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು. ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಕೂತು ಒಂದು ಬಸ್ ಮಾಡುತ್ತಿದ್ದೇನೆ. ನಮ್ಮ ಕೆಂಪು ಕರ್ನಾಟಕ ಸಾರಿಗೆ ಬಸ್. 24ರಲ್ಲಿ ಒಂದು ಪಾಲಿನ ಅಳತೆ. 12 ಮೀಟರಿನ ಬಸ್ಸು ನನ್ನ ಮೇಜಿನ ಮೇಲೆ 50 ಸೆಂಟಿಮೀಟರ್ ಆಗಿದೆ. ಗೋಡೆ, ಟಾಪು ಎಲ್ಲಾ 3 ಎಂಎಂ ಸನ್‌ಬೋರ್ಡ್, ಅಂದರೆ ಫೋಮಿನ ಹಗುರ ಹಲಗೆ. ಗಾಜಿಗೆ ಓಎಚ್‌ಪಿ ಶೀಟ್. ಸೀಟಿಗೆ ಹಳೆಯ ಸ್ಕೂಲ್ ಬ್ಯಾಗಿನ ರೆಕ್ಸಿನ್. ಕಿಟಕಿಯ ಸರಳಿಗೆ ಗಿಟಾರಿನ ಹಳೆಯ ತಂತಿ.

ಅಪ್ಪ ಡಿಪೋದಲ್ಲಿ ಮೆಕ್ಯಾನಿಕ್. ಮುಂದಿನ ತಿಂಗಳು ರಿಟೈರ್ ಆಗುತ್ತಾರೆ. ಅವರಿಗೆ ಕೊಡೋಣ ಅಂತ ಮಾಡಿದ್ದು. ಕೊನೆಗೆ ಉಳಿದಿರುವುದು ಲೋಗೊ ಒಂದೇ. ರೇಡಿಯಂ ಅಂಗಡಿಗೆ ಹೋದೆ. ಅಂಗಡಿಯವರು ಪೆನ್‌ಡ್ರೈವ್ ನೋಡಿ, "ಕಟ್ ಮಾಡಿಕೊಡ್ತೀನಿ, ಬಿಲ್ ಮಾತ್ರ ಕೇಳಬೇಡಿ" ಅಂದರು. ಆಗಲೇ ಸ್ವಲ್ಪ ಹೊಟ್ಟೆ ಕಲಕಿತು.

ಈ ಮಧ್ಯೆ ಒಂದು ರೀಲ್ ಹಾಕಿದ್ದೆ. ನಾಲ್ಕು ಜನ "ನಮಗೂ ಒಂದು ಮಾಡಿಕೊಡಿ" ಅಂತ ಮೆಸೇಜ್ ಮಾಡಿದ್ದಾರೆ. ಒಬ್ಬರು 7,000 ರೂಪಾಯಿ ಕೊಡುತ್ತೇನೆ ಅಂದಿದ್ದಾರೆ. ಅದರ ಕೆಳಗೇ ಇನ್ನೊಬ್ಬರು "ಲೋಗೊ ಹಾಕಿ ಮಾರಿದರೆ ಕೇಸ್ ಬೀಳುತ್ತೆ" ಅಂತ ಬರೆದಿದ್ದಾರೆ.

ಅಪ್ಪನ ಬಸ್ಸಿಗೆ ಅಂಟಿಸಬಹುದಾ? ಮಾರುವ ಬಸ್ಸಿಗೆ? ಸ್ವಲ್ಪ ಬದಲಾಯಿಸಿದರೆ ನಡೆಯುತ್ತಾ? "ಹಕ್ಕು ಮೂಲ ಮಾಲೀಕರದ್ದೇ" ಅಂತ ಕೆಳಗೆ ಬರೆದರೆ ಸಾಕಾ?

ಕಿಟಕಿಸೀಟು

ಗುರು, ಮೊದಲು ಫೋಟೊ ಹಾಕು, ಆಮೇಲೆ ಕಾನೂನು.

ಯಾರು ಕೇಳುತ್ತಾರೆ ಇದನ್ನೆಲ್ಲ? ನಮ್ಮ ಬೀದಿಯ ಒಂದೇ ಆಟೋ ಮೇಲೆ ಬೆಂಜ್ ನಕ್ಷತ್ರ ಇದೆ, ಆಪಲ್ ಸೇಬಿದೆ, ನೈಕಿ ಟಿಕ್ ಇದೆ, ಕೆಳಗೆ 'ತಾಯಿಯ ಆಶೀರ್ವಾದ' ಇದೆ. ಸ್ಟುಟ್‌ಗಾರ್ಟಿನಿಂದ ಇವತ್ತಿನವರೆಗೂ ಯಾರೂ ಬಂದಿಲ್ಲ.

ನೆಕರ್‌ತೀರ

ಸ್ಟುಟ್‌ಗಾರ್ಟಿನಿಂದ ಬಂದಿದ್ದೇನೆ, ಹೇಳಿ 😀

ಇಲ್ಲಿ ಕೆಲಸಕ್ಕೆ ಇದ್ದೇನೆ, ಊರು ಅರಸೀಕೆರೆ. ಹಾಸನದ ಬಸ್ ಅಂತ ನೋಡಿ ಒಳಗೆ ಬಂದೆ. ಆಟಿಕೆ ವಾಹನದ ಮೇಲೆ ಲೋಗೊ ಹಾಕುವ ಜಗಳ ಇಲ್ಲಿ ದೊಡ್ಡ ಕೋರ್ಟಿಗೇ ಹೋಗಿತ್ತು. ಆಫೀಸ್ ಮುಗಿಸಿ ಬಂದು ಬರೆಯುತ್ತೇನೆ.

ಅರ್ಜಿನಮೂನೆ

ನಾನು ಬೆಂಗಳೂರಿನಲ್ಲಿ ಟ್ರೇಡ್‌ಮಾರ್ಕ್ ಏಜೆಂಟರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಕೀಲೆ ಅಲ್ಲ. ಅರ್ಜಿ ತುಂಬುವುದು, ರಿಜಿಸ್ಟ್ರಿಯ ಆಕ್ಷೇಪಣೆಗೆ ಉತ್ತರ ತಯಾರು ಮಾಡುವುದು ನನ್ನ ದಿನದ ಕೆಲಸ. ಗೊತ್ತಿರುವಷ್ಟು ಹೇಳುತ್ತೇನೆ.

ಒಂದು ಲೋಗೊ ಒಳಗೆ ಎರಡು ಹಕ್ಕು ಕೂತಿರುತ್ತವೆ. ಜನ ಎರಡನ್ನೂ ಕಲಸಿ 'ಕಾಪಿರೈಟ್' ಅಂದುಬಿಡುತ್ತಾರೆ.

ಮೊದಲನೆಯದು ಚಿತ್ರದ ಹಕ್ಕು. ಯಾರೋ ಕೂತು ಬರೆದ ಚಿತ್ರ ತಾನೆ ಅದು. ಅದಕ್ಕೆ 1957ರ ಕಾಪಿರೈಟ್ ಕಾಯ್ದೆ. ಅದರ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಸ್ವಂತಕ್ಕೆ, ಖಾಸಗಿಯಾಗಿ ಬಳಸಿಕೊಳ್ಳುವುದು ಅದರಲ್ಲಿ ಒಂದು.

ಎರಡನೆಯದು ಗುರುತಿನ ಹಕ್ಕು. ಈ ಮಾಲು ಯಾರದ್ದು ಅಂತ ಗಿರಾಕಿಗೆ ಹೇಳುವುದೇ ಟ್ರೇಡ್‌ಮಾರ್ಕಿನ ಕೆಲಸ. ಅದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಜಾರಿಗೆ ಬಂದಿದ್ದು 2003ರ ಸೆಪ್ಟೆಂಬರ್ 15ಕ್ಕೆ. ಅದರ 29ನೇ ಸೆಕ್ಷನ್ ಓದಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ವ್ಯಾಪಾರದಲ್ಲಿ ಬಳಸಿದರೆ. ಮಾಲಿನ ಮೇಲೋ ಡಬ್ಬಿಯ ಮೇಲೋ ಅಂಟಿಸುವುದು, ಮಾರಾಟಕ್ಕೆ ಇಡುವುದು, ಬಿಲ್ಲು-ಲೆಟರ್‌ಹೆಡ್ಡಿನಲ್ಲಿ ಹಾಕುವುದು, ಜಾಹೀರಾತಿನಲ್ಲಿ ಬಳಸುವುದು ಎಲ್ಲಾ ಅಲ್ಲಿ 'ಬಳಕೆ'ಯೇ.

ನಿಮ್ಮ ಅಪ್ಪನಿಗೆ ಕೊಡುವ ಬಸ್ಸಿನಲ್ಲಿ ವ್ಯಾಪಾರವೇ ಇಲ್ಲ. ಶೋಕೇಸಿನಲ್ಲಿ ಇರುತ್ತದೆ, ಅಷ್ಟೆ. ಅದಕ್ಕೆ ಧೈರ್ಯವಾಗಿ ಅಂಟಿಸಿ. ನಾನಾಗಿದ್ದರೆ ಎರಡು ಸಲ ಯೋಚನೆ ಮಾಡುತ್ತಿರಲಿಲ್ಲ.

7,000ದ ಬಸ್ಸು ಬೇರೆ ಕಥೆ. ಇನ್ನು ರೀಲ್ ಬಗ್ಗೆ ಒಂದು ಪ್ರಶ್ನೆ: ಕೆಳಗೆ ಏನು ಬರೆದಿದ್ದೀರಿ?

ಸನ್‌ಬೋರ್ಡ್‌ಬಸ್

ಮೇಡಂ, "ಅಪ್ಪನಿಗಾಗಿ" ಅಂತ ಬರೆದಿದ್ದೆ. ಮೆಸೇಜ್ ಬರೋಕೆ ಶುರುವಾದ ಮೇಲೆ "ಆರ್ಡರ್‌ಗೆ ಮೆಸೇಜ್ ಮಾಡಿ" ಅಂತ ಸೇರಿಸಿದೆ.

ಅರ್ಜಿನಮೂನೆ

ಆ ಎರಡನೆಯ ಸಾಲು ತೆಗೆಯಿರಿ. ಅದೊಂದು ಸಾಲಿನಿಂದ ಮನೆಯ ವಿಡಿಯೊ ಜಾಹೀರಾತು ಆಗಿಬಿಟ್ಟಿದೆ.

ಉಳಿದ ಪ್ರಶ್ನೆಗಳಿಗೆ ಬೇಗ ಉತ್ತರ ಹೇಳುತ್ತೇನೆ. 'ಹಕ್ಕು ಮೂಲ ಮಾಲೀಕರದ್ದೇ' ಅಂತ ಬರೆದರೆ ಒಪ್ಪಿಗೆ ಸಿಕ್ಕ ಹಾಗಲ್ಲ. ಇನ್ನೊಬ್ಬರ ತೆಂಗಿನಕಾಯಿ ಕಿತ್ತು, 'ಮರ ಅವರದ್ದೇ' ಅಂತ ಚೀಟಿ ಅಂಟಿಸಿದ ಹಾಗೆ. ಬರೆಯಬೇಕಾದ್ದು ಬೇರೆ: 'ಇದು ಹವ್ಯಾಸಿ ಮಾಡಿದ ಮಾದರಿ, ನಿಗಮಕ್ಕೂ ಇದಕ್ಕೂ ಸಂಬಂಧವಿಲ್ಲ.' ಇದರಿಂದ ನೋಡುವವರಿಗೆ ಗೊಂದಲ ಕಡಿಮೆಯಾಗುತ್ತದೆ. ಹಕ್ಕು ಹುಟ್ಟುವುದಿಲ್ಲ.

ಸ್ವಲ್ಪ ಬದಲಾಯಿಸಿದರೆ? ಇಷ್ಟು ಪರ್ಸೆಂಟ್ ಬದಲಾಯಿಸಿದರೆ ಸಾಕು ಅನ್ನುವ ಮಾತು ಎಲ್ಲಾ ಡಿಟಿಪಿ ಅಂಗಡಿಯಲ್ಲೂ ಕೇಳಿದ್ದೇನೆ. ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಜನ ಮೋಸ ಹೋಗುವಷ್ಟು ಹೋಲಿಕೆ ಇದೆಯಾ ಅಂತಷ್ಟೇ ನೋಡುತ್ತಾರೆ. ದೆಹಲಿಯಲ್ಲಿ 'ಸರ್ದಾರ್‌ಬಕ್ಷ್' ಅಂತ ಕಾಫಿ ಅಂಗಡಿ ಇತ್ತು. ದುಂಡು ಲೋಗೊದ ನಡುವೆ ಪೇಟ ಕಟ್ಟಿದ ಸರ್ದಾರ್‌ಜಿ. ಸ್ಟಾರ್‌ಬಕ್ಸ್‌ನವರು ದೆಹಲಿ ಹೈಕೋರ್ಟಿಗೆ ಹೋದರು. 2018ರಲ್ಲಿ ಅವರು ಹೆಸರನ್ನು 'ಸರ್ದಾರ್‌ಜಿ-ಬಕ್ಷ್' ಅಂತ ಬದಲಾಯಿಸಿಕೊಳ್ಳಬೇಕಾಯಿತು. ಸ್ಟಾರ್‌ಬಕ್ಸ್ ಲೋಗೊದ ಮತ್ಸ್ಯಕನ್ಯೆಗೂ ಸರ್ದಾರ್‌ಜಿಗೂ ಎಲ್ಲಿಂದೆಲ್ಲಿಯ ಹೋಲಿಕೆ, ಅಲ್ವಾ? ಆದರೂ ತೊಂದರೆ ತಪ್ಪಲಿಲ್ಲ.

ಕಿಟಕಿಸೀಟು

ಮೇಡಂ, ಅವರು ಕಾಫಿ ಮಾರೋರು, ಇವರೂ ಕಾಫಿ ಮಾರೋರು. ಜಗಳ ಸಹಜ. ನಮ್ಮ ಹಾಸನದ ಹುಡುಗ ಸಾರಿಗೆ ನಿಗಮಕ್ಕೆ ಪೈಪೋಟಿಯಾಗಿ ಸನ್‌ಬೋರ್ಡ್ ಬಸ್ಸಿನಲ್ಲಿ ಜನ ತುಂಬಿಕೊಂಡು ಹೋಗುತ್ತಾನಾ? ಅವನು ಲೋಗೊ ಮಾರುತ್ತಿಲ್ಲ. ಮೂರು ತಿಂಗಳ ದುಡಿಮೆ ಮಾರುತ್ತಿದ್ದಾನೆ.

ನೆಕರ್‌ತೀರ

ಕಿಟಕಿಸೀಟು ಅವರ ವಾದವನ್ನೇ ಇಲ್ಲಿ ಒಂದು ಕಂಪನಿ ಮಾಡಿತ್ತು. ಗೆದ್ದೂ ಬಿಟ್ಟಿತು.

ನ್ಯೂರೆಂಬರ್ಗ್ ಊರು ಆಟಿಕೆಗೆ ಹೆಸರುವಾಸಿ, ನಮ್ಮ ಚನ್ನಪಟ್ಟಣದ ಹಾಗೆ. ಅಲ್ಲಿನ ಆಟೆಕ್ ಅನ್ನುವ ಕಂಪನಿ ರಿಮೋಟ್ ಕಾರು ಮಾಡುತ್ತಿತ್ತು. ಓಪೆಲ್ ಆಸ್ಟ್ರಾ ಕೂಪೆ, 24ರಲ್ಲಿ ಒಂದು ಪಾಲು. ಸನ್‌ಬೋರ್ಡ್‌ಬಸ್, ನಿಮ್ಮ ಅಳತೆಯೇ! ಮುಂದಿನ ಗ್ರಿಲ್ಲಿನ ಮೇಲೆ ಅಸಲಿ ಕಾರಿನ ಹಾಗೇ ಓಪೆಲ್ಲಿನ ಮಿಂಚಿನ ಗುರುತು. ಓಪೆಲ್ ಕೇಸ್ ಹಾಕಿತು. ಗಮ್ಮತ್ತು ಏನೆಂದರೆ ಓಪೆಲ್ ತನ್ನ ಲೋಗೊವನ್ನು ಆಟಿಕೆಗೂ ಸೇರಿಸಿ ರಿಜಿಸ್ಟರ್ ಮಾಡಿಸಿತ್ತು.

ಕೇಸು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2007ರ ಜನವರಿಯಲ್ಲಿ ಆ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಆಟಿಕೆ ಕೊಳ್ಳುವವನು ಆ ಗುರುತು ನೋಡಿ 'ಈ ಆಟಿಕೆ ಓಪೆಲ್ ಮಾಡಿದ್ದು' ಅಂದುಕೊಳ್ಳುತ್ತಾನಾ, ಅಥವಾ 'ಇದು ಓಪೆಲ್ ಕಾರಿನ ಮಾದರಿ' ಅಂದುಕೊಳ್ಳುತ್ತಾನಾ? ಅದನ್ನು ಜರ್ಮನಿಯ ಕೋರ್ಟೇ ನೋಡಲಿ. 2010ರಲ್ಲಿ ಇಲ್ಲಿನ ಮೇಲಿನ ಕೋರ್ಟು, ಜನ ಅದನ್ನು ಅಸಲಿ ಕಾರಿನ ನಕಲು ಅಂತಲೇ ನೋಡುತ್ತಾರೆ, ಉಲ್ಲಂಘನೆ ಇಲ್ಲ ಅಂತ ತೀರ್ಪು ಕೊಟ್ಟಿತು. ಆಟೆಕ್ ಕಾರಿನ ಜೊತೆ ಕೊಡುವ ಕೈಪಿಡಿಯ ಮೇಲೆ, ರಿಮೋಟಿನ ಮೇಲೆ ತನ್ನ ಹೆಸರನ್ನೇ ಹಾಕಿತ್ತು ಅನ್ನುವುದು ನೆನಪಿರಲಿ.

ನನಗಂತೂ ಇದೇ ಸರಿ ಅನ್ನಿಸುತ್ತದೆ. ಲೋಗೊ ಇಲ್ಲದ ಕಾರು ಯಾವ ಮಗುವಿಗೆ ಬೇಕು?

ಅರ್ಜಿನಮೂನೆ

ಒಳ್ಳೆಯ ಕೇಸ್ ನೆನಪಿಸಿದಿರಿ. ನಮ್ಮ ಬಾಸಿಗೂ ಅದು ಇಷ್ಟ. ಆದರೆ ಅದನ್ನು ಹಿಡಿದುಕೊಂಡು ಹಾಸನದಲ್ಲಿ ಅಂಗಡಿ ತೆರೆಯಬೇಡಿ. ಜರ್ಮನಿಯ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ. ವಾದಕ್ಕೆ ಬಲ ಕೊಡಬಹುದು, ಅಷ್ಟೆ.

ನಮ್ಮಲ್ಲಿ ಟ್ರೇಡ್‌ಮಾರ್ಕನ್ನು ವರ್ಗ ನೋಡಿ ಕೊಡುತ್ತಾರೆ. ಒಟ್ಟು 45 ವರ್ಗ. ವಾಹನ 12ನೇ ವರ್ಗ, ಸಾರಿಗೆ ಸೇವೆ 39, ಬಟ್ಟೆ 25, ಆಟಿಕೆ 28. ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಯಾರ ಗುರುತು ಯಾವ ವರ್ಗದಲ್ಲಿದೆ ಅಂತ ದುಡ್ಡು ಕೊಡದೆ ಹುಡುಕಬಹುದು. 'ಆಟಿಕೆಗೆ ರಿಜಿಸ್ಟರ್ ಮಾಡಿಸಿಲ್ಲ, ನಾನು ಬಚಾವ್' ಅಂತ ಕುಣಿಯುವ ಮೊದಲು 29ರ ನಾಲ್ಕನೇ ಉಪಸೆಕ್ಷನ್ ಓದಿ. ದೇಶದಲ್ಲಿ ಹೆಸರು ಮಾಡಿದ ಗುರುತನ್ನು ಬೇರೆ ವರ್ಗದ ಮಾಲಿನ ಮೇಲೆ ಹಾಕಿ, ಆ ಹೆಸರಿನ ಲಾಭ ಹೊಡೆದರೂ ಉಲ್ಲಂಘನೆ ಆಗಬಹುದು.

ಇನ್ನೊಂದು ಕಡೆ 30ನೇ ಸೆಕ್ಷನ್ ಇದೆ. ಪ್ರಾಮಾಣಿಕವಾಗಿ ಬಳಸಿದ್ದೀರಿ, ಹೆಸರಿನ ಲಾಭ ಹೊಡೆದಿಲ್ಲ, ಹೆಸರು ಕೆಡಿಸಿಲ್ಲ ಅಂದರೆ ರಕ್ಷಣೆ ಇದೆ. ಅಲ್ಲಿಗೆ ಜಗಳ ಎಲ್ಲಾ 'ಲಾಭ ಹೊಡೆದಿದ್ದೀರಾ' ಅನ್ನುವ ಒಂದು ಮಾತಿಗೆ ಬಂದು ನಿಲ್ಲುತ್ತದೆ.

ಕಿಟಕಿಸೀಟು ಸಾರ್ ದುಡಿಮೆಯ ಮಾತು ಆಡಿದರು. ಒಂದು ಪರೀಕ್ಷೆ ಮಾಡಿ. ಸನ್‌ಬೋರ್ಡ್‌ಬಸ್, ಆ ನಾಲ್ಕು ಜನಕ್ಕೂ ಮೆಸೇಜ್ ಮಾಡಿ ಕೇಳಿ: ಲೋಗೊ ಇಲ್ಲದೆ ಅದೇ ಬಸ್ಸು, ಅದೇ ಕೆಂಪು, ಅದೇ ಸೀಟು. ಎಷ್ಟು ಕೊಡುತ್ತೀರಿ? 7,000 ಅಂದರೆ ಅದು ನಿಮ್ಮ ದುಡಿಮೆಯ ಬೆಲೆ. 4,000 ಅಂದರೆ ಉಳಿದ 3,000 ನಿಮ್ಮದಲ್ಲ, ಗಂಡಭೇರುಂಡದ್ದು.

ಕಿಟಕಿಸೀಟು

ಮೇಡಂ ಲೆಕ್ಕ ಚೆನ್ನಾಗಿದೆ. ಬಾಯಿ ಮುಚ್ಚಿಸಿಬಿಟ್ಟಿರಿ.

ಬನಿಯನ್‌ಬಜಾರ್

ಹುಬ್ಬಳ್ಳಿಯಿಂದ ನಮಸ್ಕಾರ ರೀ. ಬಾಯಿ ಮುಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ.

ಎರಡು ವರ್ಷದ ಹಿಂದೆ ಟೀ ಶರ್ಟ್ ಪ್ರಿಂಟ್ ಮಾಡಿ ಆನ್‌ಲೈನ್ ಹಾಕುತ್ತಿದ್ದೆ. ಒಂದು ದೊಡ್ಡ ಬೈಕ್ ಕಂಪನಿಯ ಹೆಸರನ್ನು ಕನ್ನಡದಲ್ಲಿ, ಅವರದ್ದೇ ಅಕ್ಷರದ ಸ್ಟೈಲಿನಲ್ಲಿ ಬರೆದಿದ್ದೆ. ಯಾವ ಕಂಪನಿ ಅಂತ ಕೇಳಬೇಡ್ರಿ. ಕನ್ನಡದಲ್ಲಿ ಬರೆದಿದ್ದೇನೆ, ಲಿಪಿಯೇ ಬೇರೆ, ಯಾರೂ ಹಿಡಿಯುವುದಿಲ್ಲ ಅಂತ ನನ್ನ ಲೆಕ್ಕ. ಮೊದಲ ವಾರ 60 ಶರ್ಟ್ ಹೋದವು. ಎರಡನೇ ವಾರ ಪೇಜ್ ಕಾಣಲಿಲ್ಲ. ಮೂರನೇ ವಾರ ಮೇಲ್ ಬಂತು. ವಕೀಲರ ಲೆಟರ್‌ಹೆಡ್, ನಾಲ್ಕು ಪುಟ. ಉಳಿದ ಶರ್ಟ್ ನಾಶ ಮಾಡಿ ಫೋಟೊ ಕಳಿಸಿ, ಎಷ್ಟು ಮಾರಿದಿರಿ ಲೆಕ್ಕ ಕೊಡಿ, ಇನ್ನು ಮುಂದೆ ಮಾಡುವುದಿಲ್ಲ ಅಂತ ಬರೆದುಕೊಡಿ.

ಕೋರ್ಟಿಗೆ ಹೋಗಲಿಲ್ಲ. ಬರೆದುಕೊಟ್ಟೆ. 140 ಶರ್ಟಿನ ಎದೆಯ ಭಾಗ ಕತ್ತರಿಸಿ ಫೋಟೊ ತೆಗೆದೆ. ತಾಯಿ ಆ ಬಟ್ಟೆ ನೋಡಿ "ಏನ್ ಪಾಪ ಮಾಡಿದ್ದವೋ ಇವು" ಅಂದರು. ಇವತ್ತಿಗೂ ಮನೆಯಲ್ಲಿ ನೆಲ ಒರೆಸೋದು ಅದೇ ಬಟ್ಟೆಯಲ್ಲಿ.

ಒಂದು ಕಲಿತೆ. ನೋಟಿಸ್ ಬಂದಾಗ ಸುಮ್ನೆ ಕೂರಬಾರದು. ಸಿಟ್ಟಿನಲ್ಲಿ ಉತ್ತರವನ್ನೂ ಬರೆಯಬಾರದು. ಮೊದಲು ಮಾರಾಟ ನಿಲ್ಲಿಸಬೇಕು, ಆಮೇಲೆ ವಕೀಲರಿಗೆ ತೋರಿಸಬೇಕು. ನನಗೆ ವಕೀಲರ ಫೀಸು 2,500 ಆಯಿತು. ಶರ್ಟ್ ನಷ್ಟ ಅದರ ಹತ್ತರಷ್ಟು.

ಅರ್ಜಿನಮೂನೆ

ನೀವು ಮಾಡಿದ್ದು ಸರಿ. ಎಷ್ಟೋ ನೋಟಿಸುಗಳು ಹೀಗೇ ಬರೆದುಕೊಟ್ಟು ಮುಗಿಯುತ್ತವೆ. ಆದರೆ ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ ಮಾಲು ಮಾರುವುದಕ್ಕೆ ಕ್ರಿಮಿನಲ್ ಸೆಕ್ಷನ್ ಕೂಡ ಇದೆ. ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಅದು ನಕಲಿ ಮಾಲಿನ ದಂಧೆಯವರಿಗೆ ಅಂತ ಇಟ್ಟಿದ್ದು, ಅಪ್ಪನಿಗೆ ಬಸ್ ಮಾಡುವವರಿಗಲ್ಲ. ಹೆದರಿಸೋಕೆ ಹೇಳುತ್ತಿಲ್ಲ.

ಮಾಡ್‌ಮಾಡೋನು

ಅಣ್ಣಂದಿರೇ ಅಕ್ಕಂದಿರೇ, ನಾನು ಡಿಗ್ರಿ ಓದುತ್ತಿದ್ದೇನೆ. ಮೊಬೈಲ್ ಬಸ್ ಗೇಮಿಗೆ ಸ್ಕಿನ್ ಮಾಡುತ್ತೇನೆ, ಅಂದರೆ ಗೇಮಿನ ಬಸ್ಸಿನ ಮೈಮೇಲೆ ಹಾಕುವ ಬಣ್ಣ, ಲೋಗೊ. ಐರಾವತ, ರಾಜಹಂಸ, ಪಲ್ಲಕ್ಕಿ ಎಲ್ಲಾ ಮಾಡಿದ್ದೇನೆ. ದುಡ್ಡು ತಗೊಳ್ಳಲ್ಲ, ಲಿಂಕ್ ಹಾಕುತ್ತೇನೆ ಅಷ್ಟೆ. ನನಗೂ ಇದೆಲ್ಲ ಬರುತ್ತಾ?

ಅರ್ಜಿನಮೂನೆ

ತಮ್ಮಾ, ಆ ಲಿಂಕ್ ಒತ್ತಿದರೆ ನೇರ ಫೈಲ್ ಸಿಗುತ್ತಾ, ಇಲ್ಲ ಮಧ್ಯೆ ಮೂರು ಜಾಹೀರಾತು ಬರುತ್ತಾ?

ಮಾಡ್‌ಮಾಡೋನು

ಮೂರಲ್ಲ, ಎರಡು.

ಕಿಟಕಿಸೀಟು

ಸಿಕ್ಕಿಬಿದ್ದ ನೋಡಿ! ಟಿಕೆಟ್ ಇಲ್ಲದೆ ಪ್ರಯಾಣ.

ಅರ್ಜಿನಮೂನೆ

ಎರಡು ಜಾಹೀರಾತಿನಿಂದ ನಿನಗೆ ಚಹಾ ಕಾಸು ಬರುತ್ತಿರಬಹುದು. ಆದರೆ 'ದುಡ್ಡು ತಗೊಳ್ಳಲ್ಲ' ಅನ್ನುವ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ನೇರ ಲಿಂಕ್ ಕೊಡು. 'ಅಫಿಶಿಯಲ್' ಅನ್ನುವ ಪದ ಎಲ್ಲಿದ್ದರೂ ಅಳಿಸು, ನಿಮ್ಮ ವಯಸ್ಸಿನವರು ಅದನ್ನು ಎಲ್ಲದಕ್ಕೂ ಹಾಕುತ್ತೀರಿ. ತೆಗೆಯಿರಿ ಅಂತ ಯಾರಾದರೂ ಬರೆದರೆ ವಾದ ಮಾಡದೆ ತೆಗೆ. ಇನ್ನೊಂದು ವಿಷಯ. ಇಂಟರ್ನೆಟ್ಟಿನಲ್ಲಿ ಹಾಕಿ ಊರಿಗೆಲ್ಲ ಹಂಚಿದ ಮೇಲೆ ಅದು 'ಖಾಸಗಿ ಬಳಕೆ' ಆಗುವುದಿಲ್ಲ. ನಾನು ಮೊದಲು ಹೇಳಿದ ಕಾಪಿರೈಟ್ ವಿನಾಯಿತಿ ಶೋಕೇಸಿನ ಬಸ್ಸಿಗೆ ಸಿಗುತ್ತದೆ, ಡೌನ್‌ಲೋಡಿಗೆ ಸಿಗುವುದು ಕಷ್ಟ.

ಕಿರುಚಿತ್ರದವಳು

ನಡುವೆ ನನ್ನದೊಂದು. ಕಿರುಚಿತ್ರದಲ್ಲಿ ನಾಯಕಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಹಿಂದೆ ಹಾಲಿನ ಬೂತಿನ ಬೋರ್ಡು, ಸೋಪಿನ ಜಾಹೀರಾತು ಎಲ್ಲಾ ಬಿದ್ದಿದೆ. ಬ್ಲರ್ ಮಾಡಬೇಕಾ?

ಅರ್ಜಿನಮೂನೆ

ಹಿನ್ನೆಲೆಯಲ್ಲಿ ಸುಮ್ಮನೆ ಬಂದು ಹೋದರೆ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಸಿನಿಮಾಕ್ಕೆ ವಿನಾಯಿತಿ ಇದೆ. ನಾಯಕಿ ಆ ಸೋಪು ಹಿಡಿದು 'ಇದರಿಂದ ಮೈ ಉರಿಯಿತು' ಅಂದರೆ ಬೇರೆ ಮಾತು.

ಶಾಸನಪ್ರಿಯ

ನಿವೃತ್ತ ಮೇಷ್ಟ್ರು, ಶಿವಮೊಗ್ಗ. ಇಷ್ಟೆಲ್ಲ ಓದಿದೆ. ಒಂದು ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಗಂಡಭೇರುಂಡ ಯಾರಪ್ಪನ ಮನೆಯ ಆಸ್ತಿ?

ಬಳ್ಳಿಗಾವಿಗೆ ಬನ್ನಿ. ಎತ್ತರದ ಕಂಬದ ತುದಿಯಲ್ಲಿ ಭೇರುಂಡ ಕೂತಿದೆ. ಮೈ ಮನುಷ್ಯನದು, ತಲೆ ಎರಡು ಹಕ್ಕಿಯದು. ನಿಲ್ಲಿಸಿದ್ದು 1047ರಲ್ಲಿ. ಕೆಳದಿಯ ರಾಮೇಶ್ವರ ಗುಡಿಯಲ್ಲಿ ತಲೆ ಎತ್ತಿ ಚಾವಣಿ ನೋಡಿ, ಅಲ್ಲೂ ಇದೆ. ವಿಜಯನಗರದವರು ನಾಣ್ಯದ ಮೇಲೆ ಹಾಕಿದರು. ಮೈಸೂರು ಅರಸರು ಲಾಂಛನ ಮಾಡಿಕೊಂಡರು. ಸಾವಿರ ವರ್ಷದ ಹಕ್ಕಿಗೆ ಈಗ ರಿಜಿಸ್ಟ್ರೇಷನ್ ನಂಬರ್ ಅಂದರೆ ನನಗೆ ನಗು ಬರುತ್ತದೆ.

ಅರ್ಜಿನಮೂನೆ

ಮೇಷ್ಟ್ರೇ, ಹಕ್ಕಿ ಯಾರ ಆಸ್ತಿಯೂ ಅಲ್ಲ. ನೀವು ಬಳ್ಳಿಗಾವಿಯ ಕಂಬ ನೋಡಿಕೊಂಡು ನಿಮ್ಮದೇ ಗಂಡಭೇರುಂಡ ಬರೆದರೆ ಅದು ನಿಮ್ಮ ಚಿತ್ರ. ನಿಗಮದ್ದು ಅಂದರೆ ಅವರು ಬರೆಸಿಕೊಂಡ ಆ ಒಂದು ಚಿತ್ರ, ಆ ಅಕ್ಷರದ ಜೊತೆ, ಆ ಜೋಡಣೆಯಲ್ಲಿ. 2013ರಲ್ಲಿ ಹೆಸರಿಗೂ ಲೋಗೊಗೂ ಅರ್ಜಿ ಹಾಕಿ, 1973ರ ನವೆಂಬರ್ 1ರಿಂದ ಬಳಸುತ್ತಿದ್ದೇವೆ ಅಂತ ತೋರಿಸಿ ಟ್ರೇಡ್‌ಮಾರ್ಕ್ ಪಡೆದಿದ್ದಾರೆ. ಗಂಡಭೇರುಂಡದ ಕಲೆಗೆ ಕಾಪಿರೈಟ್ ನೋಂದಣಿಯನ್ನೂ ಮಾಡಿಸಿದ್ದಾರೆ.

ಜೊತೆಗೆ ಇನ್ನೊಂದು ಗಂಡಭೇರುಂಡ ಇದೆ, ಅದಕ್ಕೆ ಜಾಸ್ತಿ ಹುಷಾರಾಗಿರಬೇಕು. ರಾಜ್ಯ ಸರ್ಕಾರದ ಲಾಂಛನ. ಎರಡೂ ಕಡೆ ಶರಭ, ಮೇಲೆ ಅಶೋಕನ ಸಿಂಹ. ಅದನ್ನು ವ್ಯಾಪಾರಕ್ಕೆ ಬಳಸುವ ಹಾಗೇ ಇಲ್ಲ, 1950ರ ಲಾಂಛನಗಳ ಕಾಯ್ದೆಯೇ ತಡೆಯುತ್ತದೆ. ನವೆಂಬರಿನಲ್ಲಿ ಟೀ ಶರ್ಟ್ ಮಾಡುವವರು ಗೂಗಲಿನಿಂದ ಅದನ್ನೇ ಎತ್ತಿ ಹಾಕಿಬಿಡುತ್ತಾರೆ.

ಬನಿಯನ್‌ಬಜಾರ್

ಈಗ ಹೇಳ್ತೀರಲ್ರಿ ಮೇಡಂ…

ಕಿಟಕಿಸೀಟು

ಕೇರಳದವರ ಜೊತೆ ಜಗಳ ಏನಾಯಿತು? ಅದೂ ಇದೇ ತಾನೆ?

ಅರ್ಜಿನಮೂನೆ

ಅದು ಹೆಸರಿನ ಜಗಳ. ಕೆಎಸ್‌ಆರ್‌ಟಿಸಿ ಅನ್ನುವ ಇಂಗ್ಲಿಷಿನ ಐದಕ್ಷರ ಇಬ್ಬರಿಗೂ ಒಂದೇ. ಕೇರಳದ ನಿಗಮ ಶುರುವಾಗಿದ್ದು 1965ರಲ್ಲಿ, ನಮಗಿಂತ ಮೊದಲೇ ಅಂತ ಅವರ ವಾದ. 2021ರಲ್ಲಿ 'ಇನ್ನು ಮೇಲೆ ಕರ್ನಾಟಕ ಆ ಹೆಸರು ಬಳಸುವ ಹಾಗಿಲ್ಲ' ಅಂತ ಸುದ್ದಿಯೇ ಹಬ್ಬಿತ್ತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ಎರಡೂ ಬಸ್ಸು ಈಗಲೂ ಅದೇ ಹೆಸರಿನಲ್ಲಿ ಓಡುತ್ತಿವೆ.

ನಿರ್ವಾಹಕ

ಕೇರಳ-ಕರ್ನಾಟಕ ಜಗಳ ಇಲ್ಲಿಗೆ ಸಾಕು. ಎರಡು ಕಮೆಂಟ್ ಅಳಿಸಿದ್ದೇನೆ. ವಿಷಯಕ್ಕೆ ಬನ್ನಿ.

ಕಿಟಕಿಸೀಟು

ನಿರ್ವಾಹಕರೇ, ರೈಟ್ ರೈಟ್.

ಕಿರುಚಿತ್ರದವಳು

ಕಲೆಯ ಕಡೆಯಿಂದ ಒಂದು ಮಾತು. ಎಲ್ಲಾ ಕಂಪನಿಗೂ ಕೈಮುಗಿದುಕೊಂಡೇ ಚಿತ್ರ ಮಾಡಬೇಕು ಅಂದರೆ ಯಾರೂ ಟೀಕೆ ಮಾಡುವ ಹಾಗೇ ಇಲ್ಲ. ಆಂಡಿ ವಾರ್ಹಾಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನೇ 32 ಕ್ಯಾನ್‌ವಾಸ್ ಬರೆದ. ಕಂಪನಿ ಕೇಸ್ ಹಾಕಲಿಲ್ಲ. ಎರಡು ವರ್ಷ ಬಿಟ್ಟು ಅಲ್ಲಿನ ಮ್ಯಾನೇಜರೊಬ್ಬರು ಮೆಚ್ಚಿ ಕಾಗದ ಬರೆದು ಟೊಮ್ಯಾಟೊ ಸೂಪ್ ಕಳಿಸಿದರು.

ಅರ್ಜಿನಮೂನೆ

ಅವರ ಪುಣ್ಯ, ಸೂಪ್ ಬಂತು. ಬನಿಯನ್‌ಬಜಾರ್ ಅವರಿಗೆ ನಾಲ್ಕು ಪುಟ ಬಂತು.

ಟೀಕೆಯ ಮಾತು ಮಾತ್ರ ನಿಜ. ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗೆ ತೊಂದರೆ ಅಂತ ಗ್ರೀನ್‌ಪೀಸ್‌ನವರು ಒಂದು ಗೇಮ್ ಮಾಡಿದ್ದರು. ಪ್ಯಾಕ್‌ಮ್ಯಾನ್ ತರದ್ದು. ಆಮೆ ಓಡುತ್ತಿದ್ದರೆ ಟಾಟಾ ಲೋಗೊ ಅಟ್ಟಿಸಿಕೊಂಡು ಬರುತ್ತದೆ. ಟಾಟಾ ಸನ್ಸ್ 10 ಕೋಟಿ ಪರಿಹಾರ ಕೇಳಿ ದೆಹಲಿ ಹೈಕೋರ್ಟಿಗೆ ಹೋಯಿತು. 2011ರ ಜನವರಿಯಲ್ಲಿ ನ್ಯಾಯಮೂರ್ತಿ ರವೀಂದ್ರ ಭಟ್ ಅವರು ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಟೀಕೆಗೆ, ವಿಡಂಬನೆಗೆ ಲೋಗೊ ಬಳಸಿದ್ದನ್ನು ಮಾಲು ಮಾರಲು ಬಳಸಿದ ಹಾಗೆ ನೋಡಬಾರದು ಅನ್ನುವುದು ಅದರ ತಿರುಳು.

ಆದರೆ ತಮಾಷೆಯನ್ನು ಡಬ್ಬಿಗೆ ಹಾಕಿ ಮಾರಿದರೆ? ಅಮೆರಿಕದಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯ ಆಕಾರದಲ್ಲಿ ನಾಯಿ ಕಚ್ಚುವ ಆಟಿಕೆ ಮಾಡಿದರು. ಹೆಸರು 'ಬ್ಯಾಡ್ ಸ್ಪ್ಯಾನಿಯಲ್ಸ್'. ನಗು ಬರುವ ಹಾಗೇ ಇತ್ತು. 2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಆ ಗುರುತನ್ನು ನಿಮ್ಮ ಮಾಲಿನ ಗುರುತಾಗಿಯೇ ಬಳಸಿದ ಮೇಲೆ, ತಮಾಷೆ ಅಂತ ವಿಶೇಷ ರಕ್ಷಣೆ ಇಲ್ಲ.

ನೆಕರ್‌ತೀರ

ಸರಿ, ಸನ್‌ಬೋರ್ಡ್‌ಬಸ್ ಮಾರಲೇಬೇಕು ಅಂದುಕೊಂಡರೆ? ಅನುಮತಿ ಕೇಳಬಹುದಲ್ಲ.

ಅರ್ಜಿನಮೂನೆ

ಕೇಳಬಹುದು. ಕೇಳುವ ರೀತಿ ಮುಖ್ಯ. 'ಲೋಗೊ ಬಳಸಬಹುದಾ' ಅಂತ ಒಂದು ಸಾಲಿನ ಮೇಲ್ ಹಾಕಿದರೆ ಮೇಜಿನ ಮೇಲೇ ಉಳಿಯುತ್ತದೆ. ಏನು ಮಾಡುತ್ತಿದ್ದೀರಿ, ಎಷ್ಟು ಮಾಡುತ್ತೀರಿ, ಬೆಲೆ ಎಷ್ಟು, ಲೋಗೊ ಎಲ್ಲೆಲ್ಲಿ ಬರುತ್ತದೆ, ಎಷ್ಟು ಸೆಂಟಿಮೀಟರ್, ಎಲ್ಲಾ ಬರೆಯಿರಿ. ನಾಲ್ಕು ಫೋಟೊ ಇಡಿ. ವರ್ಷಕ್ಕೆ ಹತ್ತು ಬಸ್ಸು ಅಂತ ಮಿತಿ ಹಾಕಿಕೊಂಡು ಕೇಳಿದರೆ ಓದುವವರಿಗೂ ತೀರ್ಮಾನ ಸುಲಭ. ಒಪ್ಪಿಗೆ ಬಂದರೆ ಲಿಖಿತವಾಗಿ ಇರಬೇಕು. ಫೋನಿನಲ್ಲಿ 'ಆಯ್ತು ಮಾಡ್ಕೊಳ್ಳಿ' ಅಂದಿದ್ದು ಲೆಕ್ಕಕ್ಕಿಲ್ಲ. ಉತ್ತರ ಬರಲಿಲ್ಲ ಅಂದರೆ ಅದು ಒಪ್ಪಿಗೆ ಅಲ್ಲ.

ಸನ್‌ಬೋರ್ಡ್‌ಬಸ್

ಎಂಟು ದಿನ ಆಯಿತು, ಕ್ಷಮಿಸಿ. ಮೇಡಂ ಹೇಳಿದ ಪರೀಕ್ಷೆ ಮಾಡಿದೆ. ರೀಲಿನ ಆ ಸಾಲನ್ನೂ ಅವತ್ತೇ ತೆಗೆದೆ.

ನಾಲ್ಕು ಜನಕ್ಕೂ ಬರೆದೆ. ಲೋಗೊ ಇರುವುದಿಲ್ಲ, ಬೇಕಾ ಅಂತ. 7,000 ಅಂದವರು ನೋಡಿದರು, ಉತ್ತರ ಕೊಡಲಿಲ್ಲ. ಒಬ್ಬರು "ಲೋಗೊ ಇಲ್ಲದಿದ್ದರೆ ಅಂಗಡಿ ಆಟಿಕೆ ತರ ಅಲ್ವಾ" ಅಂದರು. ಅಲ್ಲಿಗೆ ಎರಡು ಹೋಯಿತು.

ಮೂರನೆಯವರು ಒಬ್ಬ ಅಕ್ಕ, ಬೆಂಗಳೂರಿನಲ್ಲಿ ಇದ್ದಾರೆ. ಅವರು ಲೋಗೊ ಬಗ್ಗೆ ಮಾತೇ ಎತ್ತಲಿಲ್ಲ. "ಮುಂದೆ ಬೋರ್ಡಿನಲ್ಲಿ ಸಕಲೇಶಪುರ–ಹೆತ್ತೂರು ಅಂತ ಬರೆಯಬಹುದಾ? ನಮ್ಮಜ್ಜಿ ಮನೆಗೆ ಹೋಗುತ್ತಿದ್ದ ಬಸ್ಸು" ಅಂದರು. ಬಾಗಿಲ ಹತ್ತಿರದ ಸೀಟಿನ ಮೇಲೆ 'ಮಹಿಳೆಯರಿಗೆ' ಅಂತ ಇರಲೇಬೇಕಂತೆ. ಬೆಲೆ ಕೇಳಿದೆ. 7,000ಕ್ಕೆ ಒಪ್ಪಿದರು. ನಾಲ್ಕನೆಯವರೂ ಹೀಗೇ, ಅವರಿಗೆ ಬೇಲೂರು–ಹಗರೆ ಬೇಕಂತೆ.

ನಾನು ಮೂರು ತಿಂಗಳು ಲೋಗೊ ಬಗ್ಗೆ ತಲೆ ಕೆಡಿಸಿಕೊಂಡೆ. ಇವರಿಗೆ ಬೇಕಾಗಿದ್ದು ಊರಿನ ಬೋರ್ಡು.

ಅರ್ಜಿನಮೂನೆ

ಊರಿನ ಹೆಸರಿಗೆ ಯಾರ ಅನುಮತಿಯೂ ಬೇಡ. ಕೆಂಪು ಬಣ್ಣಕ್ಕೂ ಇಷ್ಟಕ್ಕೆ ಯಾರೂ ಬರಲಾರರು ಅನ್ನಿಸುತ್ತದೆ. ಬಸ್ಸಿನ ಹೊಟ್ಟೆಯ ಕೆಳಗೆ ನಿಮ್ಮದೇ ಒಂದು ಗುರುತು ಹಾಕಿ, ಚಿಕ್ಕದಾಗಿ. ಮುಂದೆ ಬೇಕಾದರೆ ಅದನ್ನೇ ರಿಜಿಸ್ಟರ್ ಮಾಡಿಸಬಹುದು. ಒಬ್ಬ ವ್ಯಕ್ತಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ನಾನೇ ತುಂಬಿಕೊಡುತ್ತೇನೆ.

ಶಾಸನಪ್ರಿಯ

ಗುರುತು ಬೇಕಾದರೆ ನಾನು ಬಳ್ಳಿಗಾವಿಯ ಭೇರುಂಡದ ಫೋಟೊ ಕಳಿಸುತ್ತೇನೆ. ನೋಡಿಕೊಂಡು ನಿನ್ನ ಕೈಯಿಂದಲೇ ಬರಿ, ಮಗು.

ಕಿಟಕಿಸೀಟು

ಅಪ್ಪನ ಬಸ್ ಏನಾಯಿತು ಹೇಳಲೇ ಇಲ್ಲವಲ್ಲ ಗುರು. ಫೋಟೊನೂ ಹಾಕಿಲ್ಲ.

ಸನ್‌ಬೋರ್ಡ್‌ಬಸ್

ಭಾನುವಾರವೇ ಕೊಟ್ಟುಬಿಟ್ಟೆ, ತಿಂಗಳವರೆಗೆ ಕಾಯೋಕೆ ಆಗಲಿಲ್ಲ. ಲೋಗೊ ಎರಡೂ ಕಡೆ ಅಂಟಿಸಿದ್ದೆ. ಮೂರು ಸಲ ಕಿತ್ತು ಅಂಟಿಸಿ, ಸ್ಕೇಲ್ ಇಟ್ಟು ನೋಡಿ.

ಅಪ್ಪ ಕನ್ನಡಕ ಹಾಕಿಕೊಂಡು ಸುತ್ತ ನೋಡಿದರು. ಲೋಗೊ ಕಡೆ ಕಣ್ಣೂ ಹಾಯಿಸಲಿಲ್ಲ. ಬಗ್ಗಿ ಕೆಳಗೆ ನೋಡಿದರು. "ಡೀಸೆಲ್ ಟ್ಯಾಂಕ್ ಎಲ್ಲೋ?" ಅಂದರು. ಮರೆತೇಬಿಟ್ಟಿದ್ದೆ. ರಾತ್ರಿ ಇಬ್ಬರೂ ಕೂತು ಫೆವಿಕ್ವಿಕ್ ಡಬ್ಬಿಯನ್ನೇ ಕತ್ತರಿಸಿ ಟ್ಯಾಂಕ್ ಮಾಡಿದೆವು. ಆಮೇಲೆ ಹಿಂದಿನ ಚಕ್ರ ಅರ್ಧ ಇಂಚು ಮುಂದೆ ಬಂದಿದೆ ಅಂದರು. ಅದನ್ನು ಇವತ್ತು ಬಿಚ್ಚಿದ್ದೇವೆ, ಅದಕ್ಕೇ ಫೋಟೊ ಇಲ್ಲ.